ಕೆನಡಿಯನ್ ಫುಟ್‌ಬಾಲ್ ಬೆಳೆಯುತ್ತದೆಯೇ? ಮೊದಲು ಟೊರಾಂಟೊದ ಖಾಲಿ ಸೀಟುಗಳನ್ನು ನೋಡಿ

ಪ್ರಶ್ನೆ: ನಾವು ಬೆಂಗಳೂರಿನಿಂದ ಮಿಸಿಸಾಗಾಕ್ಕೆ ಬಂದು ಆರು ವರ್ಷವಾಯಿತು. ಪಿಆರ್ (ಖಾಯಂ ನಿವಾಸ) ಇದೆ, ಪೌರತ್ವಕ್ಕೆ ಇನ್ನೂ ಅರ್ಜಿ ಹಾಕಿಲ್ಲ. ಮಗನಿಗೆ ಈಗ ಹದಿನಾರು. ಸಾಕರ್ ಆಡುತ್ತಿದ್ದವನು ಈಗ ಹೈಸ್ಕೂಲಿನ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಆಟ) ತಂಡದ ಕಿಕ್ಕರ್, ಅಂದರೆ ಚೆಂಡು ಒದೆಯುವವನು. ಯೂನಿವರ್ಸಿಟಿಯಲ್ಲೂ ಆಡಿ ಆಮೇಲೆ ಸಿಎಫ್‌ಎಲ್ (ಕೆನಡಿಯನ್ ಫುಟ್‌ಬಾಲ್ ಲೀಗ್) ಸೇರುತ್ತೇನೆ ಎನ್ನುತ್ತಾನೆ. ನನ್ನ ಆಫೀಸಿನವರು ಮಾತ್ರ ‘ಆ ಲೀಗ್ ಇನ್ನು ಹತ್ತು ವರ್ಷ ಉಳಿದರೆ ಹೆಚ್ಚು’ ಎನ್ನುತ್ತಾರೆ. ಟೊರಾಂಟೊದ ತಂಡ ಆರ್ಗೊನಾಟ್ಸ್ ಪಂದ್ಯಕ್ಕೆ ಹೋದಾಗ ಸೀಟುಗಳು ಎಷ್ಟೋ ಖಾಲಿ ಇದ್ದವು. ಈಗ ಮೈದಾನವನ್ನೇ ಚಿಕ್ಕದು ಮಾಡುತ್ತಾರಂತೆ, ಇದು ಅಮೆರಿಕದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕರಗಿಹೋಗುವ ತಯಾರಿಯಂತೆ. ಇನ್ನೊಂದು ಕಡೆ ಹ್ಯಾಲಿಫ್ಯಾಕ್ಸ್‌ನಲ್ಲೋ ಕ್ವಿಬೆಕ್ ಸಿಟಿಯಲ್ಲೋ ಹತ್ತನೆಯ ತಂಡ ಬರುತ್ತದೆ ಎಂದೂ ಕೇಳಿದ್ದೇನೆ. ಈ ಲೀಗ್ ಬೆಳೆಯುತ್ತಿದೆಯೋ, ಸಾಯುತ್ತಿದೆಯೋ? ಮಗನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಲೀಗ್ ಉಳಿಯುತ್ತದೆಯೇ ಎಂಬುದು ಒಂದು. ಬೆಳೆಯುತ್ತದೆಯೇ ಎಂಬುದು ಇನ್ನೊಂದು. ಇವೆರಡಕ್ಕೂ ಉತ್ತರ ಬೇರೆ ಬೇರೆ, ಹಾಗಾಗಿ ಬಿಡಿಸಿಯೇ ನೋಡೋಣ.

ಉಳಿಯುವ ವಿಷಯದಲ್ಲಿ ನಿಮ್ಮ ಆಫೀಸಿನವರ ಮಾತು ಹೊಸದೇನಲ್ಲ. ಈ ಆಟದ ದೊಡ್ಡ ಟ್ರೋಫಿ ಗ್ರೇ ಕಪ್ ಶುರುವಾದದ್ದು 1909ರಲ್ಲಿ, ಸಿಎಫ್‌ಎಲ್ ಈಗಿನ ರೂಪಕ್ಕೆ ಬಂದದ್ದು 1958ರಲ್ಲಿ. 1987ರಲ್ಲಿ ಮಾಂಟ್ರಿಯಲ್ ತಂಡ ಋತು ಆರಂಭವಾಗುವ ಹಿಂದಿನ ದಿನವೇ ಬಾಗಿಲು ಹಾಕಿತು. 1996ರ ಋತು ಮುಗಿದ ಮೇಲೆ ಆಟವಾ ರಫ್ ರೈಡರ್ಸ್ ಕಣ್ಮರೆಯಾಯಿತು. ಅದೇ ಊರಿನಲ್ಲಿ 2002ರಲ್ಲಿ ಹುಟ್ಟಿದ ರೆನೆಗೇಡ್ಸ್ ನಾಲ್ಕೇ ವರ್ಷ ಬಾಳಿತು. 1997ರಲ್ಲಿ ಲೀಗ್ ಎನ್‌ಎಫ್‌ಎಲ್‌ನಿಂದಲೇ ಸಾಲ ಪಡೆಯಬೇಕಾಯಿತು. 2020ರಲ್ಲಿ ಕೋವಿಡ್ ಬಂದಾಗ ಕೆನಡಾದ ಕೇಂದ್ರ ಸರ್ಕಾರ ನೆರವು ಕೊಡಲಿಲ್ಲ, ಇಡೀ ಋತುವೇ ರದ್ದಾಯಿತು. 1919ರ ನಂತರ ಗ್ರೇ ಕಪ್ ನಡೆಯದೇ ಹೋದದ್ದು ಅದೇ ಮೊದಲು. ಇಷ್ಟಾದರೂ ಇಂದು ಒಂಬತ್ತು ತಂಡಗಳಿವೆ. ಮಾಂಟ್ರಿಯಲ್ ಮರಳಿ ಬಂತು, ಆಟವಾ 2014ರಲ್ಲಿ ರೆಡ್‌ಬ್ಲ್ಯಾಕ್ಸ್ ಹೆಸರಿನಲ್ಲಿ ಬಂದು 2016ರಲ್ಲೇ ಕಪ್ ಗೆದ್ದಿತು.

ಇಷ್ಟು ಗಟ್ಟಿಯಾಗಿ ಉಳಿಯಲು ಕಾರಣ ಖರ್ಚಿಗೆ ಹಾಕಿಕೊಂಡ ಕಡಿವಾಣ. 2025ರಲ್ಲಿ ಒಂದು ಸಿಎಫ್‌ಎಲ್ ತಂಡ ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ ಸುಮಾರು 60 ಲಕ್ಷ ಕೆನಡಿಯನ್ ಡಾಲರ್. ಎನ್‌ಎಫ್‌ಎಲ್‌ನ ಒಂದು ತಂಡಕ್ಕೆ ಅದೇ ವರ್ಷದ ಮಿತಿ 27.9 ಕೋಟಿ ಅಮೆರಿಕನ್ ಡಾಲರ್. ಸಿಎಫ್‌ಎಲ್‌ನ ಒಂಬತ್ತೂ ತಂಡಗಳ ಸಂಬಳ ಕೂಡಿಸಿದರೂ ಒಂದೇ ಎನ್‌ಎಫ್‌ಎಲ್ ತಂಡದ ಐದನೇ ಒಂದು ಭಾಗವಾಗುವುದಿಲ್ಲ. ಇಷ್ಟು ಸಣ್ಣ ಸಂಸಾರವನ್ನು ಹಣಕಾಸಿನ ಬಿರುಗಾಳಿ ಅಲ್ಲಾಡಿಸಬಹುದು, ಬುಡಸಮೇತ ಕೀಳುವುದು ಕಷ್ಟ. ಹಾಗಾಗಿ ಲೀಗ್ ಇನ್ನು ಹತ್ತು ವರ್ಷದಲ್ಲಿ ಮುಚ್ಚಿಹೋಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ.

ಬೆಳವಣಿಗೆ ಬೇರೆಯೇ ಕಥೆ. ಬೆಳವಣಿಗೆ ಎಂದ ಕೂಡಲೇ ಜನರ ಕಣ್ಣಿಗೆ ಹೊಸ ಊರು, ಹೊಸ ತಂಡ, ಹೊಸ ಜೆರ್ಸಿ ಬರುತ್ತವೆ. ನನ್ನ ಅಂದಾಜಿನಲ್ಲಿ ಈ ಲೀಗ್‌ನ ಅತಿ ದೊಡ್ಡ ಬೆಳವಣಿಗೆ ಅಡಗಿರುವುದು ನೀವು ಕಣ್ಣಾರೆ ಕಂಡ ಜಾಗದಲ್ಲಿ, ಟೊರಾಂಟೊದ ಖಾಲಿ ಸೀಟುಗಳಲ್ಲಿ.

ರೆಜೈನಾ ಊರಿನ ಜನಸಂಖ್ಯೆ ಎರಡೂಕಾಲು ಲಕ್ಷದ ಆಸುಪಾಸು. ಅಲ್ಲಿ 2017ರಲ್ಲಿ ತೆರೆದ ಮೊಸಾಯಿಕ್ ಸ್ಟೇಡಿಯಂನಲ್ಲಿ 33,000 ಸೀಟುಗಳಿವೆ. ಸಸ್ಕ್ಯಾಚುವಾನ್ ಪ್ರಾಂತ್ಯದ ಮೂಲೆ ಮೂಲೆಯಿಂದ ಜನ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬರುತ್ತಾರೆ. ತಂಡ ಊರಿನವರದೇ, ಒಬ್ಬ ಶ್ರೀಮಂತ ಮಾಲೀಕನದಲ್ಲ. ವಿನ್ನಿಪೆಗ್‌ನಲ್ಲೂ ಹೀಗೆಯೇ, ಅಲ್ಲಿ ಸೀಸನ್ ಟಿಕೆಟ್ ಮನೆತನದ ಆಸ್ತಿಯಂತೆ ಅಜ್ಜನಿಂದ ಮೊಮ್ಮಗನಿಗೆ ಹೋಗುತ್ತದೆ. ಟೊರಾಂಟೊ ಮಹಾನಗರ ವಲಯದಲ್ಲಿ 2021ರ ಜನಗಣತಿಯಂತೆ 62 ಲಕ್ಷ ಜನ. ಆರ್ಗೊನಾಟ್ಸ್ 2017, 2022, 2024ರಲ್ಲಿ ಗ್ರೇ ಕಪ್ ಗೆದ್ದ ತಂಡ, ಒಟ್ಟು 19 ಕಪ್‌ಗಳೊಂದಿಗೆ ಲೀಗ್‌ನ ಎಲ್ಲರಿಗಿಂತ ಮುಂದಿದೆ. ಆದರೂ ತವರು ಮೈದಾನ ಬಿಎಂಒ ಫೀಲ್ಡ್‌ನಲ್ಲಿ ಸಾಮಾನ್ಯ ಪಂದ್ಯಕ್ಕೆ ಹದಿನೈದು ಸಾವಿರ ಜನ ಸೇರುವುದೇ ಕಷ್ಟ. ಗೆದ್ದರೆ ಜನ ತಾನಾಗಿ ಬರುತ್ತಾರೆ ಎಂಬ ಮಾತು ಇಲ್ಲಿ ಸುಳ್ಳಾಗಿದೆ.

ಕಾರಣಗಳು ಹಲವು. ಋತು ಜೂನ್‌ನಿಂದ ನವೆಂಬರ್‌ವರೆಗೆ. ಬೇಸಿಗೆಯಲ್ಲಿ ಊರೆಲ್ಲ ಬ್ಲೂ ಜೇಸ್ ಬೇಸ್‌ಬಾಲ್. ಸೆಪ್ಟೆಂಬರ್ ಬಂತೆಂದರೆ ಟಿವಿಯಲ್ಲಿ ಎನ್‌ಎಫ್‌ಎಲ್, ಬಫೆಲೊ ಬಿಲ್ಸ್ ಕಾರಿನಲ್ಲಿ ಹೋಗುವಷ್ಟು ಹತ್ತಿರ. ಅಕ್ಟೋಬರ್‌ನಲ್ಲಿ ಐಸ್ ಹಾಕಿ, ಬಾಸ್ಕೆಟ್‌ಬಾಲ್ ಎರಡೂ ಶುರು. 2015ರವರೆಗೆ ತಂಡ ಆಡುತ್ತಿದ್ದದ್ದು ಬೇಸ್‌ಬಾಲ್ ತಂಡದ ಜತೆ ಹಂಚಿಕೊಂಡ ವಿಶಾಲ ಗುಮ್ಮಟದ ಕೆಳಗೆ. ಅಲ್ಲಿ ಇಪ್ಪತ್ತು ಸಾವಿರ ಜನ ಕೂತರೂ ಬಣಬಣ ಎನ್ನುತ್ತಿತ್ತು, ಸೀಟು ಯಾವತ್ತೂ ಸಿಗುತ್ತದೆ ಎಂದಾಗ ಯಾರೂ ಮೊದಲೇ ಟಿಕೆಟ್ ಕೊಳ್ಳುವುದಿಲ್ಲ. ಮುಂಗಡ ಮಾರಾಟವಿಲ್ಲದ ತಂಡ ಆಕಾಶ ನೋಡಿಕೊಂಡು ಬದುಕಬೇಕು, ಮಳೆ ಬಂದರೆ ಆ ದಿನದ ಗಳಿಕೆ ಹೋಯಿತು. ಎಡ್ಮಂಟನ್‌ಗೂ ಇದೇ ಕಷ್ಟ. ಅಲ್ಲಿನ ಕಾಮನ್‌ವೆಲ್ತ್ ಸ್ಟೇಡಿಯಂ 56,000 ಸೀಟಿನದು. ಅದರ ಮೇಲೆ 2019ರಿಂದ 2023ರವರೆಗೆ ತವರಿನಲ್ಲಿ ಸತತ 22 ಪಂದ್ಯ ಸೋತಿತು. ಊರಿನವರ ಒಡೆತನದಲ್ಲಿದ್ದ ಆ ತಂಡವನ್ನು ಕೊನೆಗೆ 2024ರಲ್ಲಿ ಖಾಸಗಿಯವರಿಗೆ ಮಾರಬೇಕಾಯಿತು.

ಆದರೆ ಟೊರಾಂಟೊದ ಮೂಲ ಕಾರಣ ಇವೆಲ್ಲಕ್ಕಿಂತ ಆಳದ್ದು. ಆ ವಲಯದಲ್ಲಿ ಅರ್ಧಕ್ಕೆ ಹತ್ತಿರ ಜನ ಹೊರದೇಶದಲ್ಲಿ ಹುಟ್ಟಿದವರು. ಈ ಆಟದ ನಿಯಮವನ್ನು ಅವರಿಗೆ ಮನೆಯಲ್ಲಿ ಹೇಳಿಕೊಟ್ಟವರಿಲ್ಲ. ಕ್ರಿಕೆಟ್‌ನ ಎಲ್‌ಬಿಡಬ್ಲ್ಯು ನಮಗೆ ಯಾರೂ ಪುಸ್ತಕದಿಂದ ಕಲಿಸಲಿಲ್ಲ, ಬೀದಿಯಲ್ಲಿ ಜಗಳವಾಡಿ ಕಲಿತೆವು. ಆ ಬೀದಿ ಈ ಆಟಕ್ಕೆ ಬ್ರ್ಯಾಂಪ್ಟನ್, ಸ್ಕಾರ್ಬರೋಗಳಲ್ಲಿ ಇನ್ನೂ ಹುಟ್ಟಿಲ್ಲ. ನಿಮ್ಮ ಮಗನ ಹೈಸ್ಕೂಲ್ ತಂಡ ಅಂಥ ಒಂದು ಬೀದಿ. ಅದಕ್ಕೇ ಇಂಥ ಕುಟುಂಬಗಳು ಲೀಗ್‌ಗೆ ಎಷ್ಟು ಮುಖ್ಯ ಎಂದು ನಾನು ಮತ್ತೆ ಮತ್ತೆ ಹೇಳುತ್ತೇನೆ.

ಲೆಕ್ಕ ಹಾಕಿ. ಟೊರಾಂಟೊದಲ್ಲಿ ಪಂದ್ಯಕ್ಕೆ ಇನ್ನೂ 10,000 ಜನ ಬಂದರು, ಟಿಕೆಟ್‌ಗೆ ಸರಾಸರಿ 50 ಡಾಲರ್ ಎಂದು ಇಟ್ಟುಕೊಳ್ಳಿ. ತವರಿನ ಒಂಬತ್ತು ಪಂದ್ಯಕ್ಕೆ 45 ಲಕ್ಷ ಡಾಲರ್. ತಂಡದ ಸಂಬಳ ಮಿತಿಯ ಮುಕ್ಕಾಲು ಪಾಲು. ತಿಂಡಿ, ಪಾನೀಯ, ಜೆರ್ಸಿ ಇದರಲ್ಲಿ ಸೇರಿಲ್ಲ. ಇದಕ್ಕೆ ಹೊಸ ಸ್ಟೇಡಿಯಂ ಬೇಡ, ಹೊಸ ಆಟಗಾರರೂ ಬೇಡ.

ಇನ್ನು ಗಡಿ ದಾಟುವ ಆಸೆ. ಅದನ್ನು ಲೀಗ್ ಒಮ್ಮೆ ಮಾಡಿ ನೋಡಿದೆ. 1993ರಲ್ಲಿ ಸ್ಯಾಕ್ರಮೆಂಟೊ, 1994ರಲ್ಲಿ ಬಾಲ್ಟಿಮೋರ್, ಲಾಸ್ ವೇಗಸ್, ಶ್ರೀವ್‌ಪೋರ್ಟ್, 1995ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಮೆಂಫಿಸ್. ಸ್ಯಾಕ್ರಮೆಂಟೊ ತಂಡ ಆ ಹೊತ್ತಿಗೆ ಸ್ಯಾನ್ ಆಂಟೋನಿಯೊಗೆ ಗುಳೆ ಹೋಗಿತ್ತು. ಲಾಸ್ ವೇಗಸ್‌ನಲ್ಲಿ ಜನ ಎಷ್ಟು ಕಡಿಮೆಯಾದರೆಂದರೆ ಕೊನೆಯ ತವರು ಪಂದ್ಯವನ್ನು ಎಡ್ಮಂಟನ್‌ನಲ್ಲಿ ಆಡಿಸಬೇಕಾಯಿತು. ಅಮೆರಿಕದ ಸ್ಟೇಡಿಯಂಗಳಲ್ಲಿ ಕೆನಡಾದ ಉದ್ದಗಲದ ಮೈದಾನ ಹಿಡಿಸುತ್ತಿರಲಿಲ್ಲ, ಮೆಂಫಿಸ್‌ನಲ್ಲಿ ಮೈದಾನದ ಎರಡು ತುದಿಯ ಅಂಕ ಗಳಿಸುವ ಭಾಗವಾದ ಎಂಡ್ ಝೋನನ್ನೇ ಕತ್ತರಿಸಿದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಬೇಸಿಗೆಯಿಡೀ ಜನ ಬಂದರು. ಅಲಬಾಮಾ, ಆಬರ್ನ್ ಕಾಲೇಜು ತಂಡಗಳ ಋತು ಶುರುವಾದದ್ದೇ ತಡ, ಗ್ಯಾಲರಿ ಬರಿದಾಯಿತು. ಬಾಲ್ಟಿಮೋರ್ ಒಂದೇ ನಿಜವಾಗಿ ಗೆದ್ದದ್ದು, 1995ರ ಗ್ರೇ ಕಪ್ಪನ್ನೂ ಎತ್ತಿತು. ಅಷ್ಟರಲ್ಲಿ ಎನ್‌ಎಫ್‌ಎಲ್ ತಂಡ ಆ ಊರಿಗೆ ಬರುವುದು ಖಚಿತವಾಗಿ, ಕಪ್ ಗೆದ್ದ ತಂಡ ಮಾಂಟ್ರಿಯಲ್‌ಗೆ ಹೋಗಬೇಕಾಯಿತು. ಆ ಊರಿಗೆ ಮತ್ತೆ ಸಿಎಫ್‌ಎಲ್ ಬಂದದ್ದು ಹಾಗೆ. 2021ರಲ್ಲಿ ಅಮೆರಿಕದ ಇನ್ನೊಂದು ಲೀಗ್ ಎಕ್ಸ್‌ಎಫ್‌ಎಲ್ ಜತೆ ನಡೆದ ಮಾತುಕತೆಯೂ ಕೆಲವೇ ತಿಂಗಳಲ್ಲಿ ಮುರಿದುಬಿತ್ತು. ಎನ್‌ಎಫ್‌ಎಲ್ ಮತ್ತು ಕಾಲೇಜು ಫುಟ್‌ಬಾಲ್ ಎರಡರ ನಡುವೆ ಅಮೆರಿಕದಲ್ಲಿ ಮೂರನೆಯವರಿಗೆ ಜಾಗವಿಲ್ಲ.

ಹತ್ತನೆಯ ತಂಡದ ವಾದಕ್ಕೆ ಇದಕ್ಕಿಂತ ತೂಕವಿದೆ. ಒಂಬತ್ತು ಬೆಸ ಸಂಖ್ಯೆ, ಪ್ರತಿ ವಾರ ಕನಿಷ್ಠ ಒಂದು ತಂಡ ಸುಮ್ಮನೆ ಕೂರಬೇಕು. ತಂಡಕ್ಕೆ 18 ಪಂದ್ಯದಂತೆ ಈಗ ಒಟ್ಟು 81 ಪಂದ್ಯ, ಹತ್ತಾದರೆ 90. ಆದರೆ ಟಿವಿ ಹಣ ಒಂಬತ್ತರ ಬದಲು ಹತ್ತು ಪಾಲಾಗುತ್ತದೆ. ಹಳೆಯ ತಂಡಗಳ ಪಾಲು ಕುಗ್ಗದಿರಬೇಕಾದರೆ ಒಟ್ಟು ಹಣ ಶೇಕಡಾ 11ರಷ್ಟು ಹೆಚ್ಚಬೇಕು. ಹೊಸ ಊರಿನ ಒಂಬತ್ತು ಪಂದ್ಯಕ್ಕೆ ಟಿವಿ ಕಂಪನಿ ಅಷ್ಟು ಕೊಡುತ್ತದೆಯೇ ಎಂಬುದೇ ಅಸಲು ಪ್ರಶ್ನೆ, ಅದನ್ನು ಯಾರೂ ಕೇಳುವುದಿಲ್ಲ.

ಹ್ಯಾಲಿಫ್ಯಾಕ್ಸ್ ವಿಷಯದಲ್ಲಿ ಎರಡು ಸಲ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು. 1982ರಲ್ಲಿ ಅಟ್ಲಾಂಟಿಕ್ ಸ್ಕೂನರ್ಸ್ ಎಂಬ ತಂಡಕ್ಕೆ ಷರತ್ತಿನ ಮೇಲೆ ಪರವಾನಗಿ ಸಿಕ್ಕಿತ್ತು, 1984ರಲ್ಲಿ ಕಣಕ್ಕಿಳಿಯಬೇಕಿತ್ತು. ಸ್ಟೇಡಿಯಂಗೆ ಹಣ ಹುಟ್ಟಲಿಲ್ಲ. 2018ರಲ್ಲಿ ಮತ್ತೆ ಅದೇ ಹೆಸರು, ಲಾಂಛನ, ಸಂಭ್ರಮ. ಡಾರ್ಟ್‌ಮತ್‌ನ ಶ್ಯಾನನ್ ಪಾರ್ಕ್‌ನಲ್ಲಿ 24,000 ಸೀಟಿನ ಸ್ಟೇಡಿಯಂ ಎಂದರು. ನಗರಸಭೆ 2019ರ ಡಿಸೆಂಬರ್‌ನಲ್ಲಿ ಷರತ್ತಿನ ಮೇಲೆ 2 ಕೋಟಿ ಡಾಲರ್ ಕೊಡಲು ಒಪ್ಪಿತು. ಕೋವಿಡ್ ಬಂದು ಎಲ್ಲ ನಿಂತಿತು. ಇದರಲ್ಲಿ ನಗರಸಭೆಯನ್ನು ದೂರುವಂತಿಲ್ಲ. ಹಾಕಿ ತಂಡಕ್ಕೆ ಋತುವಿಗೆ ನಲವತ್ತಕ್ಕೂ ಹೆಚ್ಚು ತವರು ಪಂದ್ಯಗಳಿರುತ್ತವೆ. ಸಿಎಫ್‌ಎಲ್ ತಂಡಕ್ಕೆ ಅಭ್ಯಾಸ ಪಂದ್ಯ ಸೇರಿಸಿದರೂ ಹತ್ತು. ವರ್ಷಕ್ಕೆ ಹತ್ತು ದಿನ ಬಳಸುವ ಕಟ್ಟಡಕ್ಕೆ ತೆರಿಗೆ ಹಣ ಸುರಿಯಲು ಯಾವ ಊರೂ ಯೋಚಿಸಬೇಕಾದದ್ದೇ. ಹ್ಯಾಮಿಲ್ಟನ್, ಆಟವಾಗಳಲ್ಲಿ ಮಾಡಿದಂತೆ ಸಾಕರ್ ತಂಡವೂ ಅದೇ ಸ್ಟೇಡಿಯಂನಲ್ಲಿ ಆಡಿದರೆ ಲೆಕ್ಕ ಸ್ವಲ್ಪ ಕೂಡುತ್ತದೆ.

ನನ್ನನ್ನು ಕೇಳಿದರೆ ಕ್ವಿಬೆಕ್ ಸಿಟಿಗೆ ಅವಕಾಶ ಹೆಚ್ಚು. ಮಹಾನಗರ ವಲಯದಲ್ಲಿ 8.4 ಲಕ್ಷ ಜನ, ಹ್ಯಾಲಿಫ್ಯಾಕ್ಸ್‌ನಲ್ಲಿ 4.7 ಲಕ್ಷ. ಲವಾಲ್ ವಿಶ್ವವಿದ್ಯಾಲಯದ ರೂಜ್ ಎ ಓರ್ ತಂಡ ವಿಶ್ವವಿದ್ಯಾಲಯ ತಂಡಗಳ ರಾಷ್ಟ್ರೀಯ ಟ್ರೋಫಿಯಾದ ವೇನಿಯರ್ ಕಪ್ಪನ್ನು ದೇಶದಲ್ಲೇ ಅತಿ ಹೆಚ್ಚು ಸಲ ಗೆದ್ದಿದೆ, ವಿದ್ಯಾರ್ಥಿಗಳ ಪಂದ್ಯಕ್ಕೇ ಅಲ್ಲಿ ಜನ ಕಿಕ್ಕಿರಿಯುತ್ತಾರೆ. ಆಟ ನೋಡಲು ಗೊತ್ತಿರುವ ಊರು ಈಗಾಗಲೇ ಇದೆ. ಅಪಾಯವೂ ಅದರಲ್ಲೇ ಇದೆ: ಒಂದೇ ಪ್ರೇಕ್ಷಕ ವರ್ಗವನ್ನು ಎರಡು ತಂಡಗಳು ಹಂಚಿಕೊಂಡರೆ ವಿದ್ಯಾರ್ಥಿ ತಂಡ ಬಡವಾಗಬಹುದು.

ಈಗ ಮೈದಾನ ಚಿಕ್ಕದಾಗುವ ವಿಷಯಕ್ಕೆ ಬರೋಣ. ಟಿಎಸ್‌ಎನ್ ಎಂಬ ಕ್ರೀಡಾ ಚಾನೆಲ್‌ನ ಮುಖ್ಯಸ್ಥರಾಗಿದ್ದ ಸ್ಟುವರ್ಟ್ ಜಾನ್‌ಸ್ಟನ್ 2025ರ ಏಪ್ರಿಲ್‌ನಲ್ಲಿ ಲೀಗ್‌ನ ಕಮಿಷನರ್ ಆದರು, ಸೆಪ್ಟೆಂಬರ್‌ನಲ್ಲಿ ಬದಲಾವಣೆಗಳನ್ನು ಘೋಷಿಸಿದರು. ವ್ಯಾಂಕೂವರ್‌ನ ತಂಡ ಬಿ.ಸಿ. ಲಯನ್ಸ್‌ನಲ್ಲಿ ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್ ನೇಥನ್ ರೂರ್ಕ್ ಸೇರಿದಂತೆ ಕೆಲವು ಆಟಗಾರರೇ ಇದನ್ನು ಕಟುವಾಗಿ ಟೀಕಿಸಿದರು. 2026ರಿಂದ ಪಂದ್ಯದೊಳಗಿನ ಒಂದು ಸರದಿಗೂ (ಪ್ಲೇ) ಮುಂದಿನದಕ್ಕೂ ನಡುವೆ 35 ಸೆಕೆಂಡಿನ ಗಡಿಯಾರ ತಾನೇ ಓಡುತ್ತದೆ. ಮೊದಲು ರೆಫರಿ ಸೀಟಿ ಊದಿದ ಮೇಲೆ 20 ಸೆಕೆಂಡ್ ಇರುತ್ತಿತ್ತು, ಆ ಸೀಟಿ ಎಷ್ಟು ಹೊತ್ತಿಗೆ ಬರುತ್ತದೆಂಬುದು ದಿನಕ್ಕೊಂದು ಥರ. ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್ ತಪ್ಪಿ ಚೆಂಡು ಎಂಡ್ ಝೋನಿನ ಆಚೆ ಹೋದರೆ ಸಿಗುತ್ತಿದ್ದ ಒಂದು ಅಂಕವೂ ಇಲ್ಲ. 2027ರಿಂದ ಮೈದಾನದ ಉದ್ದ 110 ಗಜದಿಂದ 100ಕ್ಕೆ, ಎಂಡ್ ಝೋನ್ 20ರಿಂದ 15ಕ್ಕೆ. ಗೋಲ್ ಕಂಬಗಳು ಗೋಲ್ ಗೆರೆಯಿಂದ ಎಂಡ್ ಝೋನಿನ ಹಿಂಭಾಗಕ್ಕೆ.

ಇದು ಎನ್‌ಎಫ್‌ಎಲ್ ಆಗುವ ತಯಾರಿ ಎಂದರೆ ನಾನು ಒಪ್ಪಲಾರೆ. ಅಗಲ 65 ಗಜವೇ, ಎನ್‌ಎಫ್‌ಎಲ್‌ನದು 53 ಗಜ ಚಿಲ್ಲರೆ. ಮೂರು ಡೌನ್ (ಚೆಂಡನ್ನು ಮುಂದೊಯ್ಯಲು ಸಿಗುವ ಅವಕಾಶಗಳು), ಹನ್ನೆರಡು ಆಟಗಾರರು, ಚೆಂಡು ಹಿಂದಕ್ಕೆ ಕೊಟ್ಟು ಸರದಿ ಶುರುವಾಗುವ ಮುಂಚೆಯೇ ಚೆಂಡು ಹಿಡಿಯುವ ರಿಸೀವರ್‌ಗಳು ಮುಂದಕ್ಕೆ ಓಡಬಹುದಾದ ಸ್ವಾತಂತ್ರ್ಯ, ಎಲ್ಲವೂ ಹಾಗೇ ಇವೆ. ಈ ಆಟದ ಜೀವ ಇರುವುದು ಉದ್ದದಲ್ಲಲ್ಲ, ಅಗಲದಲ್ಲಿ ಮತ್ತು ಮೂರೇ ಅವಕಾಶಗಳ ಅವಸರದಲ್ಲಿ. ಉದ್ದ ಕಡಿಮೆಯಾದದ್ದರಿಂದ ಏನು ಲಾಭ ಎಂಬುದನ್ನು ಸ್ಟೇಡಿಯಂ ಕಟ್ಟುವವರನ್ನು ಕೇಳಬೇಕು. ಎಂಡ್ ಝೋನ್ ಸೇರಿ 150 ಗಜ ಎಂದರೆ 137 ಮೀಟರ್. ಹೊಸ ಅಳತೆ 130 ಗಜ, 119 ಮೀಟರ್. ಅಂತರರಾಷ್ಟ್ರೀಯ ಸಾಕರ್ ಮೈದಾನ 105 ಮೀಟರ್. ಮೊದಲು 32 ಮೀಟರ್ ಹೆಚ್ಚು ಜಾಗ ಬೇಕಿತ್ತು, ಇನ್ನು 14 ಸಾಕು. ಬಿಎಂಒ ಫೀಲ್ಡ್‌ನಲ್ಲಿ ಈಗಲೂ ಎಂಡ್ ಝೋನ್ 18 ಗಜಕ್ಕೆ ಮೊಟಕಾಗಿದೆ, ಆ ತೊಡಕು ತೀರುತ್ತದೆ. ಸಾಕರ್‌ಗೆ ಕಟ್ಟಿದ ಸ್ಟೇಡಿಯಂನಲ್ಲಿ ಆಡುವುದು ಸುಲಭವಾದರೆ ಹತ್ತನೆಯ ತಂಡದ ಬಾಗಿಲು ಸ್ವಲ್ಪ ತೆರೆದಂತೆ. ಅಭಿಮಾನಿಗಳ ನೋವು ಮಾತ್ರ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. 110 ಗಜ, 55ನೇ ಗಜದ ನಡುಗೆರೆ ಎಂಬುದು ಈ ದೇಶದವರಿಗೆ ‘ಇದು ನಮ್ಮದು’ ಎನ್ನಲು ಇದ್ದ ಗುರುತು. ರೆಜೈನಾ, ವಿನ್ನಿಪೆಗ್‌ನ ಹಳೆಯ ಟಿಕೆಟ್‌ದಾರರು ಮುನಿಸಿಕೊಂಡರೆ ಹೊಸಬರಿಂದ ಬರುವ ಲಾಭ ಅಲ್ಲೇ ಸೋರಿಹೋಗುತ್ತದೆ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಟಿವಿ. 2008ರಿಂದ ಟಿಎಸ್‌ಎನ್‌ ಒಂದೇ ಈ ಲೀಗ್‌ನ ಮುಖ್ಯ ಪ್ರಸಾರಕ. ಕೊಳ್ಳುವವರು ಒಬ್ಬರೇ ಇದ್ದಾಗ ಬೆಲೆ ಹೇಳುವುದೂ ಅವರೇ. ಟಿಎಸ್‌ಎನ್ ಬೆಲ್ ಕಂಪನಿಯದು. ಆರ್ಗೊನಾಟ್ಸ್ ತಂಡದ ಮಾಲೀಕ ಕಂಪನಿ ಎಂಎಲ್‌ಎಸ್‌ಇಯಲ್ಲಿ ಬೆಲ್‌ಗೂ ಪಾಲಿತ್ತು, 2025ರಲ್ಲಿ ಆ ಪಾಲನ್ನು ರಾಜರ್ಸ್ ಕೊಂಡಿತು. ರಾಜರ್ಸ್‌ಗೆ ಸ್ಪೋರ್ಟ್ಸ್‌ನೆಟ್ ಎಂಬ ಪ್ರತಿಸ್ಪರ್ಧಿ ಚಾನೆಲ್ ಇದೆ. ಲೀಗ್‌ನ ಅತಿ ದೊಡ್ಡ ಮಾರುಕಟ್ಟೆಯ ತಂಡ ಈಗ ಆ ಲೀಗನ್ನು ಪ್ರಸಾರ ಮಾಡದ ಕಂಪನಿಯ ಕೈಯಲ್ಲಿದೆ. ಇದರಿಂದ ಮುಂದಿನ ಹರಾಜಿನಲ್ಲಿ ಎರಡನೆಯ ಗಿರಾಕಿ ಹುಟ್ಟಬಹುದು. ಆರ್ಗೊನಾಟ್ಸ್ ಮೂಲೆಗುಂಪೂ ಆಗಬಹುದು. ಲೀಗ್ ಯಾವ ಕಡೆ ಹೋಗುತ್ತಿದೆ ಎಂದು ತಿಳಿಯಬೇಕಾದರೆ ಹೊಸ ತಂಡದ ಸುದ್ದಿ ಬಿಟ್ಟು ಮುಂದಿನ ಟಿವಿ ಒಪ್ಪಂದ ಎಷ್ಟಕ್ಕೆ, ಎಷ್ಟು ವರ್ಷಕ್ಕೆ ಆಯಿತೆಂದು ನೋಡಿ.

ಒಡೆತನದಲ್ಲಿ ಒಳ್ಳೆಯ ಲಕ್ಷಣಗಳೂ ಇವೆ. ಪಂಜಾಬಿ ಮೂಲದ ಕುಟುಂಬದ ಅಮರ್ ಡೋಮನ್ 2021ರಲ್ಲಿ ಬಿ.ಸಿ. ಲಯನ್ಸ್ ಕೊಂಡ ಮೇಲೆ ವ್ಯಾಂಕೂವರ್‌ನಲ್ಲಿ ಜನ ಮರಳಿ ಬರತೊಡಗಿದರು. ಪಿಯರ್ ಕಾರ್ಲ್ ಪೆಲಾಡೊ 2023ರಲ್ಲಿ ಮಾಂಟ್ರಿಯಲ್ ತಂಡ ಕೊಂಡರು, ಆ ವರ್ಷವೇ ಕಪ್ ಬಂತು. ಊರಿನಲ್ಲೇ ಬೇರಿರುವ ಮಾಲೀಕ ಬಂದಾಗ ಏನಾಗುತ್ತದೆ ಎಂಬುದಕ್ಕೆ ಇವು ಸಾಕು.

ಇನ್ನು ನಿಮ್ಮ ಮಗ. ಸಿಎಫ್‌ಎಲ್‌ನಲ್ಲಿ ಕೆನಡಾದವರಿಗೆ ಮೀಸಲು ಸ್ಥಾನಗಳಿವೆ. ಆಕ್ರಮಣ, ರಕ್ಷಣೆ ಸೇರಿ 24 ಆರಂಭಿಕ ಸ್ಥಾನಗಳಲ್ಲಿ ಕನಿಷ್ಠ ಏಳು ‘ನ್ಯಾಷನಲ್’ ಆಟಗಾರರಿರಬೇಕು, ಬೆಂಚಿನಲ್ಲಿ ಇನ್ನೂ ಹಲವರು. ಕಿಕ್ಕರ್ ಆರಂಭಿಕರ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಆ ಜಾಗದಲ್ಲಿ ಕೆನಡಾದವನನ್ನು ಇಟ್ಟುಕೊಂಡರೆ ಅಮೆರಿಕನ್ನರ ಕೋಟಾ ಬೇರೆಡೆಗೆ ಉಳಿಯುತ್ತದೆ ಎಂದು ತಂಡಗಳು ಹಾಗೆಯೇ ಮಾಡುತ್ತವೆ.

ಆದರೆ ಲೆಕ್ಕ ಬಿಗಿ. ಒಂಬತ್ತು ತಂಡ, ತಂಡಕ್ಕೆ ಒಬ್ಬ ಅಥವಾ ಇಬ್ಬರು ಒದೆಯುವವರು. ದೇಶದಲ್ಲಿ ಒಟ್ಟು ಹದಿನೆಂಟಕ್ಕಿಂತ ಹೆಚ್ಚು ಕೆಲಸವಿಲ್ಲ, ಅದರಲ್ಲೂ ಕೆಲವು ‘ಗ್ಲೋಬಲ್’ (ಕೆನಡಾ, ಅಮೆರಿಕ ಎರಡರ ಹೊರಗಿನವರ) ಕೋಟಾದಲ್ಲಿ ಬರುವ ಆಸ್ಟ್ರೇಲಿಯಾದ ಪಂಟರ್‌ಗಳ, ಅಂದರೆ ಚೆಂಡನ್ನು ಕೈಯಿಂದ ಬಿಟ್ಟು ದೂರಕ್ಕೆ ಒದೆಯುವವರ ಪಾಲು. 27 ವಿಶ್ವವಿದ್ಯಾಲಯ ತಂಡಗಳ ಕಿಕ್ಕರ್‌ಗಳು ಆ ಕೆಲಸಗಳಿಗೆ ಕಾದಿರುತ್ತಾರೆ. ಕನಿಷ್ಠ ಸಂಬಳ 70,000 ಡಾಲರ್ ಮಟ್ಟದ್ದು, ಒಂದು ಕೆಟ್ಟ ತಿಂಗಳು ಬಂದರೆ ಕೈಬಿಡುತ್ತಾರೆ. ಇದನ್ನು ಓದಿನ ಬದಲಿಗೆ ಅಲ್ಲ, ಓದಿನ ಜತೆಗೆ ಇಟ್ಟುಕೊಳ್ಳಲಿ. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಆಡಲು ಅರ್ಹತೆ ಇರುತ್ತದೆ, ಕ್ರೀಡಾ ವಿದ್ಯಾರ್ಥಿವೇತನ ಹೆಚ್ಚೆಂದರೆ ಬೋಧನಾ ಶುಲ್ಕ ಮತ್ತು ಕಡ್ಡಾಯ ಶುಲ್ಕದವರೆಗೆ. ಅಲ್ಲಿಗೆ ಪದವಿಯಂತೂ ಕೈಯಲ್ಲಿರುತ್ತದೆ.

ಅಭ್ಯಾಸದಲ್ಲಿ ಅವನು ಈಗಿನಿಂದಲೇ ಒಂದು ಬದಲಾವಣೆ ಮಾಡಿಕೊಳ್ಳಬೇಕು. ಚೆಂಡು ಎದುರಾಳಿಯ ಗೋಲ್ ಗೆರೆಯಿಂದ 30 ಗಜದಲ್ಲಿದ್ದಾಗ ಈಗ ಫೀಲ್ಡ್ ಗೋಲ್ ಸುಮಾರು 37 ಗಜ. ಒದೆಯಲು ಚೆಂಡು ಹಿಡಿದುಕೊಳ್ಳುವವನು ಏಳು ಗಜ ಹಿಂದೆ ಕೂರುತ್ತಾನೆ, ಅಷ್ಟೇ. ಕಂಬಗಳು 15 ಗಜ ಹಿಂದೆ ಹೋಗುವುದರಿಂದ ಸಿಎಫ್‌ಎಲ್‌ನಲ್ಲಿ 2027ರಿಂದ ಅದೇ ಒದೆತ 52 ಗಜ. ಅಂದರೆ ದೂರದ ಪ್ರಯತ್ನಗಳು ಕಡಿಮೆಯಾಗಿ ಪಂಟ್‌ಗಳು ಹೆಚ್ಚಲಿವೆ. ಎಂಡ್ ಝೋನ್ ದಾಟಿಹೋದ ಪಂಟ್‌ಗೂ ಇನ್ನು ಅಂಕ ಇಲ್ಲವಾದ್ದರಿಂದ ದೂರಕ್ಕಿಂತ ಎತ್ತರ ಮತ್ತು ಗುರಿ ಮುಖ್ಯ. ಸಾಕರ್‌ನಿಂದ ಬಂದ ಹುಡುಗರು ಫೀಲ್ಡ್ ಗೋಲ್ ಬೇಗ ಕಲಿಯುತ್ತಾರೆ, ಪಂಟ್‌ನಲ್ಲಿ ಎಡವುತ್ತಾರೆ. ಚೆಂಡನ್ನು ಕೈಯಿಂದ ಬಿಡುವಾಗ ಅದು ಓರೆಯಾಗಿ ತಿರುಗುವುದೇ ಮುಖ್ಯ ದೋಷ, ಪಾದದ ದೋಷವಲ್ಲ. ಎರಡೂ ಬಲ್ಲವನು ತಂಡಕ್ಕೆ ಒಂದು ಸ್ಥಾನ ಉಳಿಸಿಕೊಡುತ್ತಾನೆ, ಆಯ್ಕೆಯಲ್ಲಿ ಅದು ತುಂಬ ತೂಗುತ್ತದೆ. ತಲೆಪೆಟ್ಟಿನ ಅಪಾಯ ಕಿಕ್ಕರ್‌ಗೆ ಕಡಿಮೆ, ಇಲ್ಲವೆಂದಲ್ಲ. ಒಂಟಾರಿಯೊದಲ್ಲಿ ರೋವನ್ಸ್ ಲಾ ಎಂಬ ಕಾನೂನಿನ ಪ್ರಕಾರ ವರ್ಷಕ್ಕೊಮ್ಮೆ ತಲೆಪೆಟ್ಟಿನ ಮಾಹಿತಿ ಓದಿದ್ದೇನೆಂದು ಖಚಿತಪಡಿಸಬೇಕು, ಹದಿನೆಂಟರೊಳಗಿನ ಮಕ್ಕಳಿದ್ದರೆ ತಂದೆತಾಯಿಯೂ ಖಚಿತಪಡಿಸಬೇಕು. ಸಹಿ ಹಾಕುವ ಮುಂಚೆ ನಿಜವಾಗಿ ಓದಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ. ‘ನ್ಯಾಷನಲ್’ ಎನಿಸಿಕೊಳ್ಳಲು ಮೊದಲ ಒಪ್ಪಂದಕ್ಕೆ ಸಹಿ ಹಾಕುವಾಗ ಕೆನಡಾದ ಪೌರನಾಗಿರಬೇಕು, ಇಲ್ಲವೇ ಹದಿನೆಂಟು ತುಂಬುವ ಮೊದಲು ಒಟ್ಟು ಐದು ವರ್ಷ ಕೆನಡಾದಲ್ಲಿ ವಾಸವಾಗಿರಬೇಕು. ನಿಮ್ಮ ಮಗ ಹತ್ತರ ವಯಸ್ಸಿಗೆ ಬಂದವನು, ಎರಡನೆಯ ದಾರಿ ಅವನಿಗೆ ತೆರೆದಿದೆ. ಆದರೆ ರಜೆಗೆ ಊರಿಗೆ ಹೋಗಿ ತಿಂಗಳುಗಟ್ಟಲೆ ಇದ್ದರೆ ಆ ದಿನಗಳನ್ನು ಕಳೆದೇ ಲೆಕ್ಕ ಹಾಕಿಕೊಳ್ಳಿ. ಪ್ರತಿ ವರ್ಷದ ಶಾಲಾ ವರದಿ, ದಾಖಲಾತಿ ಪತ್ರ, ಮೊದಲು ಬಂದಿಳಿದ ದಿನದ ಮುದ್ರೆಯಿರುವ ಹಳೆಯ ಪಾಸ್‌ಪೋರ್ಟ್ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಪಾನ ಮಾಡಿ, ಪಾಸ್‌ಪೋರ್ಟ್ ನವೀಕರಿಸುವಾಗ ಹಳೆಯದನ್ನು ಬಿಸಾಡಬೇಡಿ. ಪೌರತ್ವದ ಅರ್ಜಿಯನ್ನೂ ಈ ವರ್ಷವೇ ಹಾಕಿಬಿಡಿ.